ಕೆನ್ನೆಗೆ ಹಿಡಿದ ಮಡಕೆ

"ಬುದ್ಧಿ, ನಾಲ್ಕು ಜನಕ್ಕೆ ಉಪಕಾರ ಮಾಡಿ ಅಂತ ದಿನವೂ ಹೇಳ್ತೀರಿ. ಹಾಗೆ ಮಾಡಿದವಳೇ ಹಾಳಾದರೆ ಆ ಪಾಪ ಯಾರ ತಲೆಗೆ?"

ಕೇಳಿದವಳು ದಾಕ್ಷಾಯಿಣಿ. ಮಠದ ಹಾಸ್ಟೆಲಿನಲ್ಲಿದ್ದು ಓದುವ ಹತ್ತನೆಯ ತರಗತಿಯ ಹುಡುಗಿ. ಬೆಳಗಿನ ಪ್ರಾರ್ಥನೆ ಮುಗಿದು ಉಳಿದ ಮಕ್ಕಳು ತಿಂಡಿಗೆ ಎದ್ದು ಹೋಗಿದ್ದರು. ಇವಳು ಹೋಗಿರಲಿಲ್ಲ. ಗುರುಗಳ ಮುಂದೆ ದನಿಯೇರಿಸಿ ಮಾತಾಡುವುದು ಮಠದ ಪದ್ಧತಿಯಲ್ಲ. ಆದರೆ ಎದೆಯೊಳಗೆ ಕುದಿಯುವುದನ್ನು ಇಳಿಸಿಡಲು ಗುರುವಿನ ಪಾದವಲ್ಲದೆ ಬೇರೆ ಯಾವ ಜಾಗವಿದೆ? ಗುರುಗಳು ಸಿಟ್ಟಾಗಲಿಲ್ಲ.

"ಹಾಳಾದವರು ಯಾರು, ತಾಯಿ?" ಎಂದರು.

ದಾಕ್ಷಾಯಿಣಿ ಮಡಿಸಿಟ್ಟುಕೊಂಡಿದ್ದ ಉತ್ತರಪತ್ರಿಕೆಯನ್ನು ಬಿಡಿಸಿ ಮುಂದೆ ಚಾಚಿದಳು. ಪೂರ್ವಸಿದ್ಧತಾ ಪರೀಕ್ಷೆಯ ಗಣಿತ. ಎಂಬತ್ತಕ್ಕೆ ನಲವತ್ತೊಂದು. ಮಠಕ್ಕೆ ಬಂದ ಮೂರು ವರ್ಷದಲ್ಲಿ ಅವಳು ಗಣಿತದಲ್ಲಿ ಎಪ್ಪತ್ತರ ಕೆಳಗೆ ಇಳಿದದ್ದೇ ಇಲ್ಲ.

"ನನ್ನ ರೂಮಿನ ಪಂಕಜಳಿಗೆ ಅರವತ್ತೆರಡು, ಬುದ್ಧಿ! ತ್ರಿಕೋನಮಿತಿ ಅಂದರೆ ಅಳೋಳು ಅವಳು. ಕೂರಿಸಿಕೊಂಡು ಹೇಳಿಕೊಟ್ಟವಳು ನಾನು. ಅವಳಿಗೊಂದು ಸಲ, ಪಕ್ಕದ ರೂಮಿನವರಿಗೊಂದು ಸಲ, ಊಟದ ಸಾಲಲ್ಲಿ ನಿಂತವರಿಗೆ ಇನ್ನೊಂದು ಸಲ. ಒಂದೇ ಪಾಠ ಒಂಬತ್ತು ಸಲ ಹೇಳಿದೆ. ಅಷ್ಟರಲ್ಲಿ ಅವರೆಲ್ಲ ಉಳಿದ ಪಾಠ ತಾವೇ ಓದಿ ಮುಗಿಸಿದರು. ನನ್ನ ಸಂಖ್ಯಾಶಾಸ್ತ್ರ, ನನ್ನ ವೃತ್ತಗಳು, ಎರಡೂ ಪಾಠದ ಪುಟ ನಾನಿನ್ನೂ ತೆರೆದಿಲ್ಲ. ಹದಿನೆಂಟು ದಿನಕ್ಕೆ ದೊಡ್ಡ ಪರೀಕ್ಷೆ. ಗಣಿತದಲ್ಲಿ ಎಪ್ಪತ್ತು ಬರಲಿಲ್ಲ ಅಂದರೆ ಕಾಲೇಜಲ್ಲಿ ಉಚಿತ ಸೀಟಿಲ್ಲ. ಸೀಟಿಲ್ಲ ಅಂದರೆ ನನ್ನ ಓದು ಇಲ್ಲಿಗೇ ಮುಗೀತು, ಅಪ್ಪ ಹೇಳಿಬಿಟ್ಟಿದ್ದಾರೆ."

"ನಿನ್ನದು ಆಯಿತೇ ಎಂದು ಯಾರೂ ಕೇಳಲಿಲ್ಲವೇ?"

"ಕೇಳದೆ ಏನು! ಬಾಯಿಮಾತಿಗೆ ಕೇಳ್ತಾರೆ. ನಿನ್ನೆ ಪಂಕಜ, 'ನಿಂದೆಲ್ಲ ಓದಾಯ್ತೇನೇ?' ಅಂದಳು. 'ನಂದು ಯಾವತ್ತೋ ಆಯ್ತು, ನೀನು ಪುಸ್ತಕ ತೆಗಿ' ಅಂದೆ. ಇನ್ನೇನು ಅನ್ನಲಿ? ಕ್ಲಾಸಿಗೇ ಮೊದಲನೆಯವಳು ನಾನು. ನಗ್ತಾ ನಗ್ತಾ ತೆಗೆದಳು, ಬುದ್ಧಿ! ಮನಸ್ಸಾಕ್ಷಿ ಅನ್ನೋದು ಬೇಡವಾ? ಇವತ್ತಿಂದ ನಾನು ಬಾಗಿಲು ಹಾಕಿಕೊಳ್ತೀನಿ. ತಪ್ಪು ಅನ್ನೋದಾದರೆ ನೀವೇ ಹೇಳಿ."

ಗುರುಗಳು ತಪ್ಪೆನ್ನಲಿಲ್ಲ, ಸರಿಯೆನ್ನಲೂ ಇಲ್ಲ. ಉತ್ತರಪತ್ರಿಕೆಯನ್ನು ಮೊದಲಿನಂತೆಯೇ ಮಡಿಸಿ ಅವಳ ಕೈಗಿತ್ತರು. ಕೂತುಕೋ ಎಂದು ಸನ್ನೆ ಮಾಡಿ ಕತೆ ಹೇಳತೊಡಗಿದರು.

ಒಂದೂರಿನ ಕುಂಬಾರ ಕೇರಿಯಲ್ಲಿ ಹದಿಮೂರು ಮನೆ. ಹದಿಮೂರು ಮನೆಗೂ ಮಡಕೆ ಸುಡುವ ಆವಿಗೆ ಒಂದೇ. ಬೇಸಗೆಗೆ ಮುಂಚೆ ಒಂದು ದಿನ ಗೊತ್ತುಮಾಡಿ, ಎಲ್ಲರ ಮಡಕೆಯನ್ನೂ ಒಟ್ಟಿಗೆ ಜೋಡಿಸಿ, ಮೇಲೆ ಮಣ್ಣು ಮೆತ್ತಿ ಬೆಂಕಿ ಇಡುವರು. ಆ ದಿನ ತಪ್ಪಿದರೆ ಮಡಕೆ ಮಾರುವ ಕಾಲವೇ ಹೋದಂತೆ. ಬೆಂಕಿಗೆ ಹೋಗುವ ಮಡಕೆ ಪೂರಾ ಒಣಗಿರಬೇಕು. ಒಳಗೆ ಚೂರು ಹಸಿಯಿದ್ದರೂ ಅದು ಸಿಡಿಯುತ್ತದೆ. ತಾನೊಂದೇ ಸಿಡಿಯುವುದಿಲ್ಲ, ಮಗ್ಗುಲಿನದನ್ನೂ ಒಡೆಯುತ್ತದೆ.

ಆ ಕೇರಿಯಲ್ಲಿ ಒಬ್ಬ ಕುಂಬಾರಗಿತ್ತಿ ಇದ್ದಳು. ಮಡಕೆಯನ್ನು ಕೆನ್ನೆಗೆ ಹಿಡಿದು ಹಸಿಯೋ ಒಣವೋ ಹೇಳುತ್ತಿದ್ದಳು. ಅಂಗೈಗೆ ತಿಳಿಯದ ಹಸಿಯ ತಂಪು ಕೆನ್ನೆಗೆ ತಿಳಿಯುತ್ತದೆ. ಆ ವರ್ಷ ಅವಳು ಮನೆಮನೆಗೂ ಹೋದಳು. ಮಡಕೆ ನೋಡಿದಳು, ತಟ್ಟಿಕೊಟ್ಟಳು, ಬಿಸಿಲಿಗೆ ತಿರುಗಿಸಿಟ್ಟಳು. ಕೆನ್ನೆಗೆ ಹಿಡಿದು ನೋಡುವುದನ್ನು ಎಲ್ಲರಿಗೂ ಕಲಿಸಿದಳು. ಕೇರಿಯೆಲ್ಲ ಅವಳನ್ನು ಹೊಗಳಿತು. ಹೊಗಳಿಕೆ ಯಾರಿಗೆ ಬೇಡ? ಅವಳಿಗೂ ಹಿತವಾಗಿಯೇ ಇತ್ತು. ಇಷ್ಟೆಲ್ಲದರ ನಡುವೆ ಅವಳ ಸ್ವಂತ ಮಡಕೆಗಳು ಎಲ್ಲರಿಗಿಂತ ಕಡೆಗೆ ಆದವು.

ಬೆಂಕಿ ಇಡುವ ದಿನ ಬೆಳಗ್ಗೆ ಅವಳು ತನ್ನದೊಂದು ಮಡಕೆ ಎತ್ತಿ ಕೆನ್ನೆಗೆ ಹಿಡಿದಳು. ತಣ್ಣಗಿತ್ತು. ಇನ್ನೊಂದನ್ನು ಹಿಡಿದಳು. ಅದೂ ತಣ್ಣಗಿತ್ತು.

ಅಷ್ಟರಲ್ಲಿ ಪಕ್ಕದ ಮನೆಯವಳು ಕುಕ್ಕೆ ಹೊತ್ತುಕೊಂಡು ಬಂದಳು.

"ಅಕ್ಕಾ, ನಿನ್ನವು ಒಣಗಿದವಾ? ಹಸಿ ಇದ್ದರೆ ಹೇಳು. ಹನ್ನೆರಡು ಮನೇಲೂ ಒಲೆ ಹಚ್ಚಿದೆ. ಮನೆಗೆ ನಾಲ್ಕರಂತೆ ಒಲೆ ಸುತ್ತ ಇಟ್ಟರೆ ಸಂಜೆಗೆ ಒಣಗ್ತವೆ."

ಕುಂಬಾರಗಿತ್ತಿ ಕೈಲಿದ್ದ ಮಡಕೆಯನ್ನು ಬೆನ್ನ ಹಿಂದೆ ಇಟ್ಟಳು.

"ಅಯ್ಯೋ, ನನ್ನನ್ನೇ ಕೇಳ್ತೀಯಲ್ಲೇ! ಕೆನ್ನೆಗೆ ಹಿಡಿಯೋದನ್ನ ನಿನಗೆ ಕಲಿಸಿದೋಳು ಯಾರು?"

"ಅದೂ ನಿಜವೇ ಅನ್ನು," ಎಂದು ಪಕ್ಕದವಳು ನಕ್ಕು ಮುಂದೆ ಹೋದಳು.

ಸಂಜೆ ಆವಿಗೆ ಜೋಡಿಸಿದರು. ಎಲ್ಲರ ಮಡಕೆಯನ್ನೂ ಮುಟ್ಟಿ ನೋಡಿ ಇಟ್ಟರು. ಅವಳದನ್ನು ಮಾತ್ರ ಮುಟ್ಟಿ ನೋಡಲಿಲ್ಲ. ಅವಳ ಮಡಕೆಗೆ ಪರೀಕ್ಷೆ ಯಾಕೆ ಎಂದು, ಗೌರವದಿಂದ, ನಟ್ಟನಡುವೆ ಇಟ್ಟರು. ಅವಳು ನೋಡುತ್ತ ನಿಂತಿದ್ದಳು.

ಮೂರನೆಯ ದಿನ ಆವಿಗೆ ತೆರೆದಾಗ ನಡುವಿನ ಮಡಕೆ ಒಂದೂ ಉಳಿದಿರಲಿಲ್ಲ. ಸುತ್ತಲಿನವು ಅರ್ಧಕ್ಕರ್ಧ ಒಡೆದಿದ್ದವು. ಕುಂಬಾರಗಿತ್ತಿ ಚೂರುಗಳ ನಡುವೆ ನಿಂತು ಕೈ ಕೈ ಬಡಿದುಕೊಂಡಳು.

"ಹನ್ನೆರಡು ಮನೆಗೂ ನಾನು ಬಂದೆ! ನನ್ನ ಮನೆಗೆ ಯಾರು ಬಂದಿರಿ? ನಿಮ್ಮ ಕೆಲಸ ಮಾಡಿ ಮಾಡಿ ನನ್ನ ವರ್ಷದ ದುಡಿಮೆ ಮಣ್ಣುಪಾಲಾಯ್ತು! ಕೃತಜ್ಞತೆ ಅನ್ನೋದು ಈ ಕೇರಿಯಲ್ಲಿ ಹುಟ್ಟಲೇ ಇಲ್ಲ!"

ಪಕ್ಕದ ಮನೆಯವಳು ಬಗ್ಗಿ, ತನ್ನ ಮಡಕೆಯ ಚೂರುಗಳನ್ನು ಒಂದೊಂದಾಗಿ ಕುಕ್ಕೆಗೆ ತುಂಬಿಕೊಂಡಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಇಷ್ಟು ಹೊತ್ತೂ ತುಟಿ ಕಚ್ಚಿ ಕೂತಿದ್ದ ದಾಕ್ಷಾಯಿಣಿಗೆ ತಡೆಯಲಾಗಲಿಲ್ಲ. ಆ ಕುಂಬಾರಗಿತ್ತಿ ಅವಳ ಒಡಹುಟ್ಟಿದವಳೇ ಆಗಿಬಿಟ್ಟಿದ್ದಳು.

"ಅವಳು ಕೇಳಿದ್ದು ನ್ಯಾಯವಾಗೇ ಇದೆ, ಬುದ್ಧಿ! ಮಡಕೆ ಹಸಿ ಇಟ್ಟಿದ್ದು ತಪ್ಪು, ಇಲ್ಲ ಅನ್ನಲ್ಲ. ಆದರೆ ಕೆನ್ನೆ ಅವಳೊಬ್ಬಳಿಗೇ ಇತ್ತಾ? ಹನ್ನೆರಡು ಮನೆಯವರಿಗೂ ಇತ್ತಲ್ಲ! ಅವಳೇ ಕಲಿಸಿದ್ದಳಲ್ಲ! ಒಬ್ಬರಾದರೂ ಅವಳ ಮಡಕೆ ಎತ್ತಿ ಹಿಡಿದು ನೋಡಬಾರದಿತ್ತಾ?"

ಹೊರಗೆ ಜಗಲಿಯ ಮೇಲೆ ಯಾರೋ ಓಡಿ ಬಂದ ಸದ್ದಾಯಿತು. ಗುರುಗಳು ಇದ್ದಾರೆಂದು ಒಳಗೆ ಬರಲು ಹೆದರಿ, ಪಂಕಜ ಕಂಬದ ಮರೆಯಿಂದಲೇ ಪಿಸುದನಿಯಲ್ಲಿ ಕೂಗಿದಳು.

"ದಾಕ್ಷೀ, ತಿಂಡಿ ಮುಗಿದುಹೋಗ್ತಿತ್ತು ಕಣೇ! ನಿನ್ನ ತಟ್ಟೆ ಬಡಿಸಿಕೊಂಡು ಮುಚ್ಚಿಟ್ಟಿದ್ದೀನಿ. ಬೇಗ ಬಾ."

ಗುರುಗಳು ಕಂಬದ ಕಡೆಗೊಮ್ಮೆ ನೋಡಿದರು. ಆಮೇಲೆ ದಾಕ್ಷಾಯಿಣಿಯ ಕಡೆ ತಿರುಗಿ, ತೀರ ಮೆಲ್ಲಗೆ ಕೇಳಿದರು.

"ನಿನ್ನೆ ಇವಳು ಕೇಳಿದಾಗ, ನಿನ್ನ ಮಡಕೆಯನ್ನು ಇವಳ ಕೆನ್ನೆಗೆ ಹಿಡಿದೆಯಾ, ತಾಯಿ?"

ದಾಕ್ಷಾಯಿಣಿ ಕೈಲಿದ್ದ ಉತ್ತರಪತ್ರಿಕೆಯನ್ನು ಬಿಡಿಸುತ್ತ ಎದ್ದು ಕಂಬದ ಕಡೆಗೆ ನಡೆದಳು.