ಕೋಳಿಮರಿಗಳ ಕಪ್ಪು ಹಾಸಿಗೆ

ತುಂಗಭದ್ರೆಯ ದಡದಲ್ಲಿ ಗುರು ಪಂಪಣ್ಣನವರ ಆಶ್ರಮವಿತ್ತು. ಅಲ್ಲಿ ಜಪದ ಸದ್ದಿಗಿಂತ ಕುಲುಮೆಯ ಸದ್ದೇ ಹೆಚ್ಚು.

ಕುಲುಮೆಯೆಂದರೆ ಕಮ್ಮಾರನ ಕುಲುಮೆಯಲ್ಲ. ಗಾಜಿನಂಥ ಉದ್ದನೆಯ ಕೊಳವೆ, ಅದರ ಸುತ್ತ ಕೆಂಪಗೆ ಕಾದ ತಂತಿ. ಒಳಗೆ ಕಬ್ಬಿಣದ ನುಣ್ಣನೆಯ ಧೂಳು ಹರಡಿ ಮೇಲೆ ಅನಿಲ ಹಾಯಿಸುತ್ತಿದ್ದರು. ಅನಿಲದೊಳಗಿನ ಇಂಗಾಲ ಕಬ್ಬಿಣದ ಕಣಗಳಿಗೆ ಅಂಟಿ, ಹುಲ್ಲು ಚಿಗುರುವ ಹಾಗೆ ಎಳೆ ಎಳೆಯಾಗಿ ಬೆಳೆಯುತ್ತಿತ್ತು. ಒಂದೊಂದು ಎಳೆಯೂ ಒಳಗೆ ಟೊಳ್ಳು. ಒಂದು ತಲೆಗೂದಲನ್ನು ಸಾವಿರಾರು ಸೀಳು ಮಾಡಿದರೆ ಒಂದು ಸೀಳು ಎಷ್ಟಿದ್ದೀತೋ ಅಷ್ಟೇ ದಪ್ಪ. ಇಂಗಾಲದ ನ್ಯಾನೋ ಕೊಳವೆ ಎಂದು ಅದರ ಹೆಸರು. ಉಕ್ಕಿಗಿಂತ ಗಟ್ಟಿ. ಅದರ ಮೈಮೇಲೆ ವಿದ್ಯುತ್ತು ಸರಾಗವಾಗಿ ಹರಿಯುತ್ತದೆ.

ಬರಿಗಣ್ಣಿಗೆ ಮಾತ್ರ ಅದು ಬರೀ ಮಸಿ.

ಗುರುಗಳು ಹಿಂದೆ ದೊಡ್ಡ ಕಾರ್ಖಾನೆಯೊಂದರಲ್ಲಿ ಆ ಮಸಿಯನ್ನು ಟನ್ನುಗಟ್ಟಲೆ ಮಾಡಿಸಿದವರು. ಬ್ಯಾಟರಿ ಮಾಡುವವರಿಗೆ, ಟೈರು ಮಾಡುವವರಿಗೆ ಕಳಿಸಿದವರು. ಈಗ ಬುಟ್ಟಿಯಷ್ಟು ತೆಗೆದು, ಸುತ್ತಲಿನವರಿಗೆ ಬೇಕಾದದ್ದನ್ನು ಮಾಡಿಕೊಡುತ್ತ, ನಾಲ್ಕಾರು ಶಿಷ್ಯರಿಗೆ ಕಲಿಸುತ್ತಿದ್ದರು.

ಶಿಷ್ಯರಲ್ಲಿ ಹಿರಿಯಳು ದಾಕ್ಷಾಯಿಣಿ. ಕುಲುಮೆಯನ್ನು ತಾನೇ ಹಚ್ಚಿ ತಾನೇ ನಡೆಸಬೇಕೆಂಬುದು ಅವಳ ಒಂದೇ ಆಸೆ. ಕೇಳಿದಾಗಲೆಲ್ಲ ಗುರುಗಳು ನಗುತ್ತಿದ್ದರು. ಈ ಸಲ ಮಾತ್ರ ಉತ್ತರ ಕೊಟ್ಟರು.

"ಹುಲಿಗೆಮ್ಮನ ಕೋಳಿಮರಿಗಳಿಗೆ ಒಂದು ಹಾಸಿಗೆ ಮಾಡಿಕೊಡು. ಆಮೇಲೆ ಕುಲುಮೆಯ ಮಾತು."

ಹುಲಿಗೆಮ್ಮ ಆಚೆ ದಡದಲ್ಲಿ ಕೋಳಿ ಸಾಕುವವಳು. ಕರೆಂಟು ಹೋದರೆ ಮರಿಗಳಿಗೆ ಕಾವು ಕೊಡುವ ಬಲ್ಬು ಆರುತ್ತಿತ್ತು, ಮರಿಗಳು ಚಳಿಗೆ ಸಾಯುತ್ತಿದ್ದವು. ಅವಳ ಹತ್ತಿರ ಬಿಸಿಲಿಗೆ ಚಾರ್ಜಾಗುವ ಸಣ್ಣ ಬ್ಯಾಟರಿಯೊಂದಿತ್ತು. ಅದಕ್ಕೆ ಬಲ್ಬು ಉರಿಸುವ ತ್ರಾಣವಿಲ್ಲ. ಆದರೆ ಒಂದು ಹಾಳೆಗೆ ಮಸಿ ಕಲಸಿದ ಬಣ್ಣ ಬಳಿದು, ಎರಡೂ ಅಂಚಿಗೆ ತಾಮ್ರದ ಪಟ್ಟಿ ಅಂಟಿಸಿ ಆ ಬ್ಯಾಟರಿಯನ್ನು ಸೇರಿಸಿದರೆ, ಹಾಳೆ ಬೆಚ್ಚಗಾಗುತ್ತದೆ.

"ಹೊಸ ಮರಿ ನಾಳಿ ಸಂಜೀಕ ಬರತಾವು ನೋಡವ್ವಾ, ಸೀದಾ ಇಲ್ಲಿಗೇ ತರತೀನಿ. ನಿನ್ನನ್ನ ನಂಬೀನಿ," ಎಂದು ಬ್ಯಾಟರಿಯನ್ನು ದಾಕ್ಷಾಯಿಣಿಯ ಕೈಗಿಟ್ಟು ಹುಲಿಗೆಮ್ಮ ಹರಿಗೋಲು ಹತ್ತಿದಳು.

ದಾಕ್ಷಾಯಿಣಿ ಮುಖಕ್ಕೆ ಮುಸುಕು ಕಟ್ಟಿ, ಮಸಿಯನ್ನು ಅಂಟಿನಲ್ಲಿ ಕಲಸಿ ಬಳಿದಳು. ಹಾಳೆಯ ತುಂಬ ಕಾಳು ಕಾಳು. ಕುಲುಮೆಯಿಂದ ಬಂದ ಎಳೆಗಳು ಒಂದಕ್ಕೊಂದು ಸಿಕ್ಕು ಬೀಳುವುದು ಅವುಗಳ ಹುಟ್ಟುಗುಣ.

"ಅಕ್ಕಾ, ಒಗ್ಗರಣೆಗೆ ಸಾಸಿವೆ ಜಾಸ್ತಿಯಾಯ್ತು," ಎಂದ ಜೊತೆಯ ಶಿಷ್ಯ ಎರ್ರಿಸ್ವಾಮಿ.

"ನಿನ್ನ ನಾಲಿಗೆಗೆ ಬೀಗ ಹಾಕೋ."

ಸಿಕ್ಕು ಬಿಡಿಸಲು ಆಶ್ರಮದಲ್ಲಿ ಎರಡು ಉಪಾಯಗಳಿದ್ದವು. ಒಂದು, ಮೂರು ಉರುಳೆಗಳ ನಡುವೆ ಬಣ್ಣವನ್ನು ನಿಧಾನವಾಗಿ ಹಾಯಿಸುವ ಹಳೆಯ ಯಂತ್ರ. ಇನ್ನೊಂದು, ಕಿವಿಗೆ ಕೇಳಿಸದ ಸದ್ದಿನಿಂದ ದ್ರವವನ್ನು ಕುಲುಕುವ ಉಕ್ಕಿನ ಕಡ್ಡಿ. ದಾಕ್ಷಾಯಿಣಿ ಕಡ್ಡಿಯನ್ನೇ ಅದ್ದಿದಳು. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ.

ಹೊತ್ತು ಇಳಿಯುವಾಗ ಪಾತ್ರೆಯಲ್ಲಿ ಬಣ್ಣ ಶಾಯಿಯ ಹಾಗೆ ನುಣುಪಾಗಿತ್ತು. ಒಂದು ಹನಿಯನ್ನು ದೊಡ್ಡ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಳು. ಒಂದು ಗಂಟೂ ಇಲ್ಲ, ಎಲ್ಲ ಬಿಡಿ ಬಿಡಿ. ಇಷ್ಟು ಚಂದದ ಬಣ್ಣವನ್ನು ಈ ಆಶ್ರಮದಲ್ಲಿ ಯಾರೂ ಮಾಡಿಲ್ಲ ಅನ್ನಿಸಿತು ಅವಳಿಗೆ.

ಬೆಳಿಗ್ಗೆ ಹಾಳೆ ಒಣಗಿತ್ತು. ಕನ್ನಡಿಯಂತೆ ಹೊಳೆಯುತ್ತಿತ್ತು. ಬ್ಯಾಟರಿ ಸೇರಿಸಿದಳು. ಅಂಗೈ ಇಟ್ಟಳು.

ತಣ್ಣಗಿತ್ತು.

ವಿದ್ಯುತ್ತು ಅಳೆಯುವ ಮೀಟರು ಹಿಡಿದಳು. ಮುಳ್ಳು ಕದಲಲಿಲ್ಲ.

"ಗುರುಗಳೇ, ಬಣ್ಣದಲ್ಲಿ ಕುಂದಿಲ್ಲ. ಮಸಿ ಸಾಲದಾಗಿದೆ. ಇನ್ನೂ ಹಾಕ್ತೀನಿ."

"ಹಾಕು," ಎಂದರು ಗುರುಗಳು.

ಹಾಕಿದಳು. ಬಿಸಿಲಿಗೆ ಒಣಗಿಸಿದಳು. ಈ ಸಲ ಹಾಳೆ ಒಂದಿಷ್ಟು ಬಿಸಿಯಾಯಿತು. ಆದರೆ ಮಸಿ ಹೆಚ್ಚಾಗಿ ಅಂಟು ಸಾಲದೆ, ಎತ್ತಿ ಮಡಿಸಿದ ಕೂಡಲೇ ಬಣ್ಣವೆಲ್ಲ ಒಣಗಿದ ಕೆರೆಯಂಗಳದ ಹಾಗೆ ಬಿರುಕು ಬಿಟ್ಟು ಉದುರಿತು.

ಎರ್ರಿಸ್ವಾಮಿ ಒಂದು ಚೂರು ಎತ್ತಿ ನೋಡಿದ. "ಹಪ್ಪಳ ಹದವಾಗಿ ಬಂದದೆ ಅಕ್ಕಾ. ಎಣ್ಣೆ ಕಾಯಿಸಲಾ?"

ದಾಕ್ಷಾಯಿಣಿಗೆ ನಗು ಬರಲಿಲ್ಲ. ಕಣ್ಣು ತುಂಬಿ ಬಂತು. ಸಂಜೆಗೆ ಮರಿಗಳು ಬರುತ್ತವೆ. ಕುಲುಮೆ ಹೋದರೆ ಹೋಗಲಿ, ಮರಿಗಳಿಗೇನು ಹೇಳುವುದು?

ಅಷ್ಟರಲ್ಲಿ ಗುರುಗಳು ನದಿಯಲ್ಲಿ ಮಿಂದು ಬಂದರು. ಎದೆಯವರೆಗೆ ಇಳಿದ ಗಡ್ಡ ನೀರಿಗೆ ಗಂಟುಕಟ್ಟಿಕೊಂಡಿತ್ತು. ಕಟ್ಟೆಯ ಮೇಲೆ ಕೂತು ಕರೆದರು.

"ದಾಕ್ಷಾಯಿಣಿ, ಬಾಚಣಿಗೆ ತಗೊಂಡು ಬಾ. ಇದರ ಸಿಕ್ಕು ಬಿಡಿಸು."

"ಈಗಲಾ ಗುರುಗಳೇ?"

"ಸಂಜೆ ನೆಂಟರು ಬರ್ತಾರಲ್ಲ. ಗಡ್ಡ ನೆಟ್ಟಗಿರಬೇಡವಾ?"

ಬೇರೆ ದಾರಿಯಿರಲಿಲ್ಲ. ದಾಕ್ಷಾಯಿಣಿ ಅಗಲ ಹಲ್ಲಿನ ಬಾಚಣಿಗೆ ತಂದಳು, ಬೆರಳಿಗೆ ಒಂದಿಷ್ಟು ಎಣ್ಣೆ ಹಚ್ಚಿಕೊಂಡಳು. ತುದಿಯಿಂದ ಶುರುಮಾಡಿ ಮೇಲೆ ಮೇಲೆ ಬಂದಳು. ಗದ್ದದ ಹತ್ತಿರ ಒಂದು ಗಂಟು ಹಟ ಹಿಡಿಯಿತು. ಅವಸರದಲ್ಲಿ ಜಗ್ಗಿದಳು.

"ಅಯ್ಯಯ್ಯೋ!"

"ತಪ್ಪಾಯ್ತು ಗುರುಗಳೇ."

"ನಿನಗೂ ಹೊತ್ತಿಲ್ಲ, ನನಗೂ ತಡೆಯೋ ಶಕ್ತಿಯಿಲ್ಲ. ಒಂದು ಕೆಲಸ ಮಾಡು. ಕತ್ತರಿ ತಂದು ಎಲ್ಲ ಚೂರು ಚೂರು ಮಾಡಿಬಿಡು. ಒಂದು ಸಿಕ್ಕೂ ಉಳಿಯೋದಿಲ್ಲ."

"ಸಿಕ್ಕೇನೋ ಉಳಿಯೋದಿಲ್ಲ. ಗಡ್ಡವೂ ಉಳಿಯೋದಿಲ್ಲ ಗುರು..."

ಬಾಚಣಿಗೆ ಅಲ್ಲೇ ನಿಂತಿತು.

ಗುರುಗಳು ಹೊಳೆಯ ಕಡೆ ನೋಡುತ್ತಿದ್ದರು.

ದಾಕ್ಷಾಯಿಣಿ ಎದ್ದು ಓಡಿದಳು. ನಿನ್ನೆಯ ಬಣ್ಣದ ಹನಿಯನ್ನು ಮತ್ತೆ ಸೂಕ್ಷ್ಮದರ್ಶಕಕ್ಕೆ ಇಟ್ಟಳು. ನಿನ್ನೆ ಗಂಟು ಇದೆಯೋ ಇಲ್ಲವೋ ಎಂದಷ್ಟೇ ಹುಡುಕಿದ್ದಳು. ಇವತ್ತು ಎಳೆಗಳನ್ನು ನೋಡಿದಳು.

ಎಳೆಗಳೇ ಇರಲಿಲ್ಲ. ಬರೀ ತುಂಡುಗಳು. ಆ ಸದ್ದಿನ ಕಡ್ಡಿ ದಿನವಿಡೀ ಕುಲುಕಿ ಎಲ್ಲವನ್ನೂ ಮುರಿದು ಹಾಕಿತ್ತು. ಒಂದು ತುಂಡಿಗೂ ಇನ್ನೊಂದಕ್ಕೂ ನಡುವೆ ಖಾಲಿ. ವಿದ್ಯುತ್ತು ಯಾವುದನ್ನು ಹಿಡಿದುಕೊಂಡು ದಾಟಬೇಕು?

"ಒಂದಕ್ಕೊಂದು ತಾಕ್ತಾ ಇಲ್ಲ!" ಎಂದು ಕೂಗಿಕೊಂಡು ಹೊರಗೆ ಬಂದಳು. "ಗುರುಗಳೇ, ನಾನು ಬಿಡಿಸಲಿಲ್ಲ, ಮುರಿದೆ!"

"ಹೌದಾ?" ಎಂದರು ಗುರುಗಳು. "ನನ್ನ ಗಡ್ಡ ಬಾಚೋದು ಇನ್ನೂ ಅರ್ಧ ಇದೆ."

"ಎರ್ರಿಸ್ವಾಮಿ ಬಾಚ್ತಾನೆ!"

"ನಾನಾ? ನಂಗೆ ಎಮ್ಮೆ ಮೈ ಉಜ್ಜಿ ಅಭ್ಯಾಸ ಅಕ್ಕಾ!" ಎಂದ ಎರ್ರಿಸ್ವಾಮಿ. ಆದರೂ ಬಾಚಣಿಗೆ ಹಿಡಿದ.

ದಾಕ್ಷಾಯಿಣಿ ಹೊಸ ಮಸಿ ತೂಗಿದಳು. ಅಂಟಿನಲ್ಲಿ ನೆನೆಸಿ ಮೂರು ಉರುಳೆಯ ಯಂತ್ರಕ್ಕೆ ಹಾಕಿದಳು. ಒಂದು ಸುತ್ತು ಹಾಯಿಸುವುದು, ಹಾಳೆಯ ಚೂರಿಗೆ ಬಳಿಯುವುದು, ಬಿಸಿಲಿಗೆ ಒಣಗಿಸುವುದು, ಮೀಟರು ಹಿಡಿಯುವುದು. ಮುಳ್ಳು ಮೊದಲು ಮಿಸುಕಿತು, ಆಮೇಲೆ ಏರಿತು. ಇನ್ನೊಂದಿಷ್ಟು ಏರಿತು. ಆಮೇಲಿನ ಸುತ್ತಿಗೆ ಏರದೆ ಅಲ್ಲೇ ನಿಂತಿತು.

ಬಣ್ಣದಲ್ಲಿ ಅಲ್ಲೊಂದು ಇಲ್ಲೊಂದು ಸಣ್ಣ ಕಾಳು ಇನ್ನೂ ಇದ್ದವು. ಅವಳ ಕೈ ತಡೆಯಲಿಲ್ಲ. ಮತ್ತೆ ಯಂತ್ರದ ಕಡೆ ಹೋಯಿತು.

ಗುರುಗಳು ಬಾಗಿಲಲ್ಲಿ ನಿಂತಿದ್ದರು.

"ಇನ್ನೆರಡು ಸುತ್ತು ಹಾಯಿಸಿದರೆ ಪೂರ್ತಿ ನುಣ್ಣಗಾಗುತ್ತೆ ಗುರುಗಳೇ."

"ಆಗುತ್ತೆ," ಎಂದರು. "ಯಾರಿಗೆ?"

ದಾಕ್ಷಾಯಿಣಿ ಮೀಟರನ್ನು ನೋಡಿದಳು, ಕಾಳುಗಳನ್ನು ನೋಡಿದಳು. ಯಂತ್ರ ನಿಲ್ಲಿಸಿ ಕುಂಚ ಎತ್ತಿಕೊಂಡಳು.

ಸಂಜೆ ಹರಿಗೋಲು ಬಂತು. ಹುಲಿಗೆಮ್ಮನ ತಲೆಯ ಮೇಲೆ ಚಿಂವ್ ಚಿಂವ್ ಎನ್ನುವ ಬುಟ್ಟಿ. ಬ್ಯಾಟರಿ ಸೇರಿಸಿ ನೆಲದ ಮೇಲೆ ಹಾಸಿದ್ದ ಕಪ್ಪು ಹಾಳೆಯನ್ನು ನೋಡಿ ಅವಳು ಹುಬ್ಬು ಗಂಟಿಕ್ಕಿದಳು.

"ಇದೇನವ್ವಾ, ಟಾರು ರೋಡು ಕಿತಗೊಂಡು ಬಂದೀಯೇನು?"

"ಮುಟ್ಟಿ ನೋಡಮ್ಮ."

ಹುಲಿಗೆಮ್ಮ ಅಂಗೈ ಇಟ್ಟಳು. ಬುಟ್ಟಿ ಬಗ್ಗಿಸಿದಳು.

ಮರಿಗಳು ಉರುಳಿ ಬಂದು ಹಾಳೆಯ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಮುದ್ದೆಯಾದವು. ಅವನ್ನು ಬಿಡಿಸಲು ದಾಕ್ಷಾಯಿಣಿ ಕೈ ಚಾಚಿದಳು.

"ತಡಿ ತಡಿ," ಎಂದಳು ಹುಲಿಗೆಮ್ಮ. "ಚಳಿಯಾಗ ಬಂದಾವು, ಅದಕ್ಕ ಗುಂಪು ಕಟ್ಟ್ಯಾವು. ಬಿಸಿ ಜಾಸ್ತಿ ಇದ್ರ ಹಾಸಿಗಿ ಬಿಟ್ಟು ಗ್ವಾಡಿಗೆ ಓಡತಾವು. ಬರೋಬರಿ ಇದ್ರ ಏನು ಮಾಡತಾವು, ನೀನ ನೋಡು."

ಎಲ್ಲರೂ ಕೂತು ನೋಡಿದರು.

ಮುದ್ದೆಯಿಂದ ಒಂದು ಮರಿ ಈಚೆ ಬಂತು. ಎರಡು ಹೆಜ್ಜೆ ಇಟ್ಟು ಕುಕ್ಕರಿಸಿತು. ಅದರ ಪಕ್ಕಕ್ಕೆ ಇನ್ನೊಂದು. ನಿಧಾನವಾಗಿ ಮುದ್ದೆ ಸಡಿಲವಾಯಿತು. ಹಾಳೆಯ ಈ ಅಂಚಿನಿಂದ ಆ ಅಂಚಿನವರೆಗೆ ಮರಿಗಳು ಹರಡಿಕೊಂಡವು, ಒಂದರ ರೆಕ್ಕೆ ಇನ್ನೊಂದಕ್ಕೆ ತಾಕುವಷ್ಟು ದೂರದಲ್ಲಿ. ಕತ್ತು ಚಾಚಿ ಕಣ್ಣು ಮುಚ್ಚಿದವು. ಚಿಂವ್ ಚಿಂವ್ ಸದ್ದು ನಿಂತುಹೋಯಿತು.

ದಾಕ್ಷಾಯಿಣಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ.

"ಗುರುಗಳೇ! ನಾನು ಪಾಸಾದೆನಾ? ನಾಳೆ ಕುಲುಮೆ ನಾನೇ ಹಚ್ಚಲಾ?"

ಗುರುಗಳು ತುಟಿಯ ಮೇಲೆ ಬೆರಳಿಟ್ಟರು.

"ಮೆಲ್ಲಗೆ ತಾಯಿ. ಪಾಸು ಮಾಡಿದವರು ಈಗ ತಾನೇ ಮಲಗಿದ್ದಾರೆ."