ಗೆದ್ದಲು ತಿಂದ ಕಟ್ಟು

ನಾಳೆ ಕೋರ್ಟಿನಲ್ಲಿ ಹಳೆಯ ಪಹಣಿ ತೋರಿಸದಿದ್ದರೆ ಹೊನ್ನೂರವ್ವನ ಹೊಲ ಪಕ್ಕದ ಹೊಲದವನ ಪಾಲಾಗುತ್ತಿತ್ತು. ತಾಲ್ಲೂಕು ಕಚೇರಿಯ ದಾಖಲೆ ಕೋಣೆಗೆ ಅದು ಅವಳ ಆರನೆಯ ಅಲೆದಾಟ.

"ನಿಮ್ಮೂರಿನ ಕಾಗದದ ಕಟ್ಟು ಪೂರಾ ಗೆದ್ದಲು ತಿಂದಾವ. ಹೋಗಬೇ," ಎಂದ ಗುಮಾಸ್ತ, ಕುರ್ಚಿ ಬಿಟ್ಟು ಏಳದೆ.

"ಹಂಗಂತ ಬರದು ಸಿಕ್ಕಾ ಹಾಕಿ ಕೊಡ್ರಿ, ಸಾಹೇಬ್ರ."

ಪೀಡೆ ತೊಲಗಿತೆಂದು ಗುಮಾಸ್ತ ಬರೆಯತೊಡಗಿದ.

ಅವಳು ಅಂದಳು: "ನನ್ನ ಹೊಲ ಹೋದ್ರ ಹೋಗ್ಲಿ. ಪಾಪ, ನಮ್ಮೂರಾಗಿನ ನಿಮ್ಮ ಮಾವನ ತ್ವಾಟದ ಕಾಗದಾನೂ ಅದೇ ಕಟ್ಟಿನಾಗ ಇತ್ತಲ್ರೀ! ಈ ಚೀಟಿ ಅವರಿಗೂ ತೋರಿಸ್ತೀನಿ."

ಪೆನ್ನು ನಿಂತಿತು. ಗುಮಾಸ್ತ ತಾನೇ ಏಣಿ ಹತ್ತಿದ. ಹತ್ತೇ ನಿಮಿಷಕ್ಕೆ ಕಟ್ಟು ಕೆಳಗಿಳಿಯಿತು. ಅದರಲ್ಲಿ ಒಂದು ತೂತೂ ಇರಲಿಲ್ಲ.

ಹೊನ್ನೂರವ್ವ ಪಹಣಿಯ ನಕಲನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ಭಾಳ ಒಳ್ಳೆ ಗೆದ್ದಲು, ಸಾಹೇಬ್ರ. ತಿಂದದ್ದು ತಿರುಗಿ ಕೊಟ್ಟಾವ."