ಕಂಬಕ್ಕಿಂತ ಮೇಲೆ ನಿಂತ ನೀರು

ಹೊಳೆದಂಡೆಯ ಮಠದಲ್ಲಿ ಸೋಮಯ್ಯಜ್ಜನವರ ಬಳಿ ಗದಿಗಯ್ಯನೆಂಬ ಶಿಷ್ಯನಿದ್ದ. ಒಂಬತ್ತು ವರ್ಷ ನೀರು ಹೊತ್ತಿದ್ದ, ಕಸ ಗುಡಿಸಿದ್ದ, ದನ ಕಾಯ್ದಿದ್ದ. ಗುರು ಕಿವಿಯಲ್ಲಿ ಮಂತ್ರ ಉಸುರುವ ಉಪದೇಶ ಮಾತ್ರ ಅವನಿಗೆ ಇನ್ನೂ ಆಗಿರಲಿಲ್ಲ.

ಆ ವರ್ಷ ಅಜ್ಜನವರು ಮಾತು ಕೊಟ್ಟರು. ಕರುಗಳು ಹೊಳೆಯ ಕೆಸರಿಗಿಳಿದು ಸಿಕ್ಕಿಕೊಳ್ಳುತ್ತಿವೆ. ದಂಡೆಗುಂಟ ತಂತಿ ಬಲೆಯ ಬೇಲಿಯಾಗಬೇಕು. ಸೀಗೆ ಹುಣ್ಣಿಮೆಯೊಳಗೆ ಬೇಲಿ ನಿಂತರೆ ಅಂದೇ ಉಪದೇಶ. ತಪ್ಪಿದರೆ ಇನ್ನೊಂದು ವರ್ಷ.

ಗದಿಗಯ್ಯ ಐದಡಿಯ ಕೋಲು ಹಿಡಿದ. ಒಂದೊಂದು ಕಂಬವನ್ನೂ ಅದರದರ ಬುಡದ ನೆಲದಿಂದ ಅಳೆದು, ಹನ್ನೆರಡು ಕಬ್ಬಿಣದ ಕಂಬ ನಿಲ್ಲಿಸಿ ಕಾಂಕ್ರೀಟು ಸುರಿದ. ಅಳತೆಯಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ.

ತಪ್ಪಿದ್ದದ್ದು ನೆಲದಲ್ಲಿ. ದಂಡೆ ಉಬ್ಬುತಗ್ಗು, ಕಂಬಗಳ ತಲೆಯೂ ಹಾಗೆಯೇ ಏರಿಳಿದು ನಿಂತವು. ಬಲೆ ಎಷ್ಟು ಬಿಗಿದೆಳೆದರೂ ಏರಿಳಿದ ತಲೆಗಳ ನಡುವೆ ಅದು ಸುಕ್ಕುಗಟ್ಟಿ ಜೋಲುತ್ತಿತ್ತು. ಜೋತಲ್ಲಿ ಕರು ದಾಟುವಷ್ಟು ತಗ್ಗು.

ಹುಣ್ಣಿಮೆಗೆ ಎರಡೇ ದಿನ ಉಳಿದಿತ್ತು. ಗದಿಗಯ್ಯ ಕಬ್ಬಿಣ ಕೊಯ್ಯುವ ಗರಗಸ ತಂದ. ಎರಡನೆಯ ಕಂಬವನ್ನು ಮೊದಲನೆಯದರ ಮಟ್ಟಕ್ಕೆ ಕೊಯ್ದ, ಮೂರನೆಯದನ್ನು ಎರಡನೆಯದರ ಮಟ್ಟಕ್ಕೆ, ಎಲ್ಲವೂ ಕಣ್ಣಳತೆಯಲ್ಲಿ. ಮೊದಲ ಕಂಬ ಅವನ ಭುಜಕ್ಕೆ ಬರುತ್ತಿತ್ತು, ಕೊನೆಯದು ಹೊಕ್ಕುಳಿಗೆ.

ಅಡುಗೆಯ ನೀಲವ್ವ ಕೊಡ ಹೊತ್ತು ಬಂದವಳು ನಿಂತು ನೋಡಿದಳು.

“ಏನಪಾ ಗದಿಗಯ್ಯ, ನಿನ್ನ ಬೇಲಿ ನೆಲಕ್ಕ ಉದ್ದಕ ಬಿದ್ದು ದೀಡ ನಮಸ್ಕಾರ ಹಾಕಾಕ ಹೊಂಟೈತೇನು?”

ಅವನಿಗೆ ನಗು ಬರಲಿಲ್ಲ. ಎಲ್ಲ ಕಂಬಗಳನ್ನೂ ಕೊನೆಯದರಷ್ಟೇ ಗಿಡ್ಡ ಮಾಡಿಬಿಟ್ಟರೆ ಸಂಜೆಯೊಳಗೆ ಮುಗಿಯುತ್ತದೆ. ಕರು ಹಾರಿಹೋದರೆ ಹೋಗಲಿ, ಹುಣ್ಣಿಮೆಯಂತೂ ತಪ್ಪುವುದಿಲ್ಲ. ಮತ್ತೆ ಗರಗಸ ಎತ್ತಿದ.

ಆಗ ಹಿಂದಿನಿಂದ ಅಜ್ಜನವರ ದನಿ ಕೇಳಿತು.

“ಮೊದಲ ಯಾವುದನ್ನ ನಂಬಿ ಅಳದಿ?”

“ನೆಲಾನ್ರಿ.”

“ಆಮ್ಯಾಲ?”

“ಮಗ್ಗಲದ ಕಂಬಾನ್ರಿ.”

“ಈಗ?”

ಗದಿಗಯ್ಯ ಎತ್ತಿದ್ದ ಗರಗಸವನ್ನು ಸೊಂಟಕ್ಕೆ ಸಿಕ್ಕಿಸಿದ.

ಅಜ್ಜನವರು ಬೈಯಲಿಲ್ಲ. ಗೋಡೆ ಕಟ್ಟುವ ಗೌಂಡಿಗಳು ಮಟ್ಟ ನೋಡಲು ಇಟ್ಟಿದ್ದ, ಒಳಗಿನದು ಕಾಣುವ ನೂರಡಿಯ ಸಣ್ಣ ಪೈಪನ್ನು ತರಿಸಿ, ಹೊಳೆಯ ನೀರು ತುಂಬಿಸಿದರು. ಒಂದು ತುದಿಯನ್ನು ತಾವೇ ಮೊದಲ ಕಂಬಕ್ಕೆ ಹಿಡಿದರು. ಇನ್ನೊಂದನ್ನು ಹಿಡಿದು ಕೊನೆಯ ಕಂಬದ ಹತ್ತಿರ ನಿಲ್ಲುವಂತೆ, ತುದಿಯನ್ನು ತಲೆಯ ಮಟ್ಟಕ್ಕೆ ಎತ್ತುವಂತೆ ಅವನಿಗೆ ಹೇಳಿದರು.

ನಡುವೆ ಪೈಪು ತಗ್ಗಿಗಿಳಿದು, ದಿಬ್ಬ ಹತ್ತಿ, ಮುಳ್ಳಿನ ಪೊದೆ ಸುತ್ತಿ ಹಾವಿನಂತೆ ಬಿದ್ದಿತ್ತು. ಅವನ ಕೈಯಲ್ಲಿ ನೀರು ಜಿಗಿಯಿತು, ಕುಸಿಯಿತು, ಮತ್ತೆ ಜಿಗಿಯಿತು.

“ಅಲುಗಬ್ಯಾಡ,” ಎಂದರು ಅಜ್ಜನವರು.

ಅವನು ಉಸಿರು ಹಿಡಿದ. ನೀರಿನ ತೂಗಾಟ ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ನಿಂತಿತು.

ನೀರು ನಿಂತದ್ದು ಅವನ ಭುಜದ ಹತ್ತಿರ. ಅವನು ಕೊಯ್ದ ಕಂಬಕ್ಕಿಂತ ಒಂದು ಮೊಳ ಮೇಲೆ, ಕಬ್ಬಿಣವೇ ಇಲ್ಲದ ಬರಿಯ ಗಾಳಿಯಲ್ಲಿ.

ಅಜ್ಜನವರ ಕೈಯಲ್ಲಿ ನೀರು ಎಲ್ಲಿದೆಯೆಂದು ಅವನು ಕೂಗಿ ಕೇಳಿದ. ಮೊದಲ ಕಂಬದ ನೆತ್ತಿಗೆ ಸರಿಯಾಗಿ ಎಂದರು. ಅವನು ತುದಿಯನ್ನು ಗೇಣುದ್ದ ಕೆಳಗಿಳಿಸಿದ. ಪೈಪು ಇಳಿಯಿತು, ನೀರು ಮಾತ್ರ ಸ್ವಲ್ಪ ತೂಗಿ ಅಲ್ಲಿಗೇ ಬಂದು ನಿಂತಿತು. ಎತ್ತಿದ. ಆಗಲೂ ಅಲ್ಲಿಯೇ. ನಡುವಿನ ಯಾವ ತಗ್ಗೂ ಅದನ್ನು ಕೆಡಿಸಿರಲಿಲ್ಲ. ಒಂಬತ್ತು ವರ್ಷ ಹೊತ್ತ ನೀರನ್ನು ಅವನು ಅಂದೇ ಮೊದಲು ನೋಡಿದಂತಿತ್ತು.

ಒಂದೊಂದೇ ಕಂಬಕ್ಕೆ ಬಂದರು. ಕಂಬದ ಎತ್ತರ ಸಾಲದ ಕಡೆ ಬಿದಿರು ಕಟ್ಟಿ, ನೀರು ನಿಂತಲ್ಲಿ ಸುಣ್ಣದ ಗೆರೆ ಎಳೆದರು. ಕೊಯ್ದ ಹನ್ನೊಂದರಲ್ಲಿ ಮೂರಕ್ಕೆ ಮೇಲಿನಿಂದ ದಪ್ಪ ಪೈಪಿನ ತುಂಡು ತೊಡಿಸಿದರೆ ಸಾಕಿತ್ತು. ತೀರ ಗಿಡ್ಡವಾಗಿದ್ದ ಎಂಟನ್ನು ಕಾಂಕ್ರೀಟು ಒಡೆದು ಕಿತ್ತು, ಬೇರೆ ಕಂಬ ನಿಲ್ಲಿಸಬೇಕಿತ್ತು.

ಗದಿಗಯ್ಯ ಸೊಂಟದ ಗರಗಸವನ್ನು ತೆಗೆದು ನೆಲದ ಮೇಲಿಟ್ಟ.

“ಎಂಟೂ ಕಿತ್ತು ಮತ್ತ ನಿಲ್ಲಸ್ತೀನ್ರಿ ಅಜ್ಜಾರ. ತಿಂಗಳಾದರೂ ಆಗಲಿ. ಉಪದೇಶ ಮುಂದಿನ ವರ್ಷ ಕೊಡ್ರಿ.”

ಹೇಳಿದವನೇ ಹಾರೆ ತರಲು ಹೊರಟ.

ಅಜ್ಜನವರು ಕೈಯ ಸುಣ್ಣ ಒರೆಸಿಕೊಂಡು, ಅಲ್ಲಿಯೇ ಹುಲ್ಲಿನ ಮೇಲೆ ಕುಳಿತರು.

“ಗುಂಡಿ ಆಮ್ಯಾಲ ತೋಡಿಯಂತ. ಇಲ್ಲೆ ಬಾ, ಕಿವಿ ತಾ.”